ಬೆಟ್ಟದ ಮೇಲೆ ಮಗ್ಗಿ ಕೇಳುತ್ತಿದ್ದ ಮೇಷ್ಟ್ರು

ಮೇಷ್ಟ್ರ ಕಂಬಳಿಯ ಒಂದು ಅಂಚು ಯಾವಾಗಲೂ ಒದ್ದೆ. ಲೋಕಪಾವನಿ ಹೊಳೆ ದಾಟಿದ ಪ್ರತಿ ಮಗುವಿನ ಪಾದವನ್ನೂ ಅವರು ಅದರಿಂದ ಒರೆಸುತ್ತಿದ್ದರು. ಬೆರಳ ಸಂದಿಯನ್ನೂ ಬಿಡುತ್ತಿರಲಿಲ್ಲ.

ಧನುರ್ಮಾಸದ ಮುಂಜಾವಿನಲ್ಲಿ ಗಂಜಾಮಿನ ಶಾಲೆಯ ಮಕ್ಕಳಾದ ನಮ್ಮನ್ನು ಕರಿಘಟ್ಟದ ಮೇಲಿನ ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದರು. ನಾವು ಮೆಟ್ಟಿಲು ಹತ್ತುತ್ತಿದ್ದೆವೋ, ಮಂಜು ನಮ್ಮನ್ನು ದಾಟಿ ಇಳಿಯುತ್ತಿತ್ತೋ ತಿಳಿಯುತ್ತಿರಲಿಲ್ಲ. ಅಂಥ ಹೊತ್ತಿನಲ್ಲೂ ಒಬ್ಬೊಬ್ಬರಿಂದ ಮಗ್ಗಿ ಹೇಳಿಸುತ್ತಿದ್ದರು.

“ಬೆಟ್ಟಕ್ಕೆ ಬಂದ್ರೂ ಬುಡಾಕಿಲ್ವಲ್ಲ ಮೇಷ್ಟ್ರು” ಎಂದು ಹುಡುಗರು ಗೊಣಗುತ್ತಿದ್ದರು.

“ಬುಟ್ರೆ ನಿಂತಲ್ಲೇ ನಿದ್ದೆ ಮಾಡ್ಬುಡ್ತೀಯ ಕಣ್ಲಾ!”

ಚಳಿ ಹೊಕ್ಕ ಮಗು ಮೊದಲು ಲೆಕ್ಕ ತಪ್ಪುತ್ತದೆ ಎಂಬುದನ್ನು ಅವರು ನೋಡಿ ನೋಡಿಯೇ ಕಂಡುಕೊಂಡಿದ್ದರು. ತಪ್ಪಿದವರಿಗೆ ಏಟಿಲ್ಲ, ಬಂಡೆಯ ಮರೆಯಲ್ಲಿ ಕೂರಿಸಿ ಬೆಲ್ಲದ ಚೂರು ಕೊಡುತ್ತಿದ್ದರು.

ನನಗಾಗ ಒಂಬತ್ತು ವರ್ಷ. ದೇವರಿಗೆ ಹುಗ್ಗಿ ಒಪ್ಪಿಸಿ ಬರಲು ಅಜ್ಜಿ ನನಗೆ ತಣ್ಣೀರು ಸುರಿದು, ಒದ್ದೆ ಲಂಗದ ಮಡಿಯಲ್ಲಿ, ಮೇಲೊಂದು ರೇಷ್ಮೆ ವಸ್ತ್ರ ಸುತ್ತಿ ಕಳಿಸಿದರು. “ಯಾರನ್ನೂ ಮುಟ್ಟಬೇಡ. ಮಡಿ ಕೆಟ್ಟರೆ ನಾಳೆಯಿಂದ ಶಾಲೆಯೂ ಇಲ್ಲ, ಗೀಲೆಯೂ ಇಲ್ಲ” ಎಂದಿದ್ದರು. ಆಡಿದ ಮಾತಿನಂತೆ ನಡೆಯುವವರು ಅವರು. ಆದ್ದರಿಂದ ಅಂದು ಹೊಳೆ ದಾಟಿದ ಮೇಲೆ ಪಾದ ಒರೆಸಲು ಕೊಡದೆ ತಪ್ಪಿಸಿಕೊಂಡೆ, ಚಳಿಯಾಗುತ್ತಿದೆ ಎಂದೂ ಹೇಳಲಿಲ್ಲ. ಮಗ್ಗಿಯ ಸರದಿ ಬಂದಾಗ ತುಟಿ ಮಾತ್ರ ಆಡಿಸಿದೆ.

“ಗಟ್ಟಿಯಾಗಿ ಯೋಳವ್ವ.”

“ಹನ್ನೆರಡೇಳ್ಲ…”

ಮುಂದಿನದು ಬರಲಿಲ್ಲ. ಚಳಿಯೂ ಆಗ ದೂರ ಹೋಗಿತ್ತು. ಮಂಜು ಹತ್ತಿಯ ಹಾಸಿಗೆಯ ಹಾಗಿತ್ತು. ಅಲ್ಲೇ ಮಲಗಿದರೆ ಹಿತವೆನಿಸಿತು. ಮೇಷ್ಟ್ರು ನನ್ನ ಲಂಗದ ಅಂಚು ಮುಟ್ಟಿ ನೋಡಿದರು.

“ಮಡಿ… ಶಾಲೆ ಬಿಡಿಸ್ತಾರೆ” ಎಂದೆ.

“ಬದುಕಿದ್ರಲ್ವೇನವ್ವ ಶಾಲೆ?”

ದೊಡ್ಡ ಹುಡುಗಿಯರು ಮರೆ ಹಿಡಿದು ನನ್ನ ಒದ್ದೆ ಬಟ್ಟೆ ಬಿಚ್ಚಿ, ಮೇಷ್ಟ್ರ ಕಂಬಳಿ ಸುತ್ತಿದರು. ದೇವಸ್ಥಾನಕ್ಕೆ ಇನ್ನೂ ಅರ್ಧ ದಾರಿಯಿತ್ತು, ಆದರೂ ಮೇಷ್ಟ್ರು ಎಲ್ಲರನ್ನೂ ಹಿಂದಿರುಗಿಸಿದರು. ನನ್ನನ್ನು ಹೊತ್ತು ನಡೆದರು. ದಾರಿಯುದ್ದಕ್ಕೂ ನನ್ನಿಂದ ಅದೇ ಮಗ್ಗಿ.

ಹುಗ್ಗಿಯ ಪಾತ್ರೆಯನ್ನು ಹಾಗೆಯೇ ನಮ್ಮ ಜಗಲಿಯ ಮೇಲಿಟ್ಟು, “ಮಡಿ ಕೆಡ್ಸಿದ್ದು ನಾನು ಅಮ್ಮಾವ್ರೇ. ಬಯ್ಯಾದಾದ್ರೆ ನನ್ನ ಬಯ್ರಿ. ಹುಡುಗೀನ ಇಸ್ಕೂಲು ಬುಡಿಸ್ಬೇಡಿ” ಎಂದರು. ಅವರ ಮೈಮೇಲೆ ತೆಳು ಅಂಗಿ ಮಾತ್ರವಿತ್ತು, ಮಾತು ನಡುಗುತ್ತಿತ್ತು.

ಅಜ್ಜಿ ನನ್ನ ಪಾದ ಹಿಡಿದು ಅಂಗೈಯಲ್ಲಿ ಉಜ್ಜಿದರು. ಆಮೇಲೆ, “ಉಣ್ಣೆಗೆಲ್ಲಿ ಮೈಲಿಗೆ ಮೇಷ್ಟ್ರೇ? ಕೂತ್ಕೊಳ್ಳಿ” ಎಂದು ಒಲೆ ಉರಿಸಲು ಒಳಗೆ ಹೋದರು.

ಈಗ ನಾನು ಬಿ.ಎ. ಮುಗಿಸಿ ನಾಗಮಂಗಲದಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಮೇಷ್ಟ್ರು ತೀರಿಕೊಂಡರೆಂಬ ಕಾಗದ ಕಳೆದ ಪುಷ್ಯದಲ್ಲಿ ಒಂದು ಸಂಜೆ ಬಂತು. ಮರುದಿನ ಮಕ್ಕಳೊಡನೆ ಕೋಟೆಬೆಟ್ಟಕ್ಕೆ ಹೊರಡುವುದಿತ್ತು. ಬೆಳಿಗ್ಗೆ ಮಂಜು ಕವಿದಿರುವಾಗಲೇ ಮುಖ್ಯೋಪಾಧ್ಯಾಯಿನಿ, “ಹೊತ್ತಾಯಿತು, ಹೊರಡಿ” ಎಂದರು. ನಾನು ಅವರಿಗೆ ಎದುರಾಡಿದವಳಲ್ಲ. ಅಂದು ಮಾತ್ರ, ಈ ಚಳಿಯಲ್ಲಿ ಆಗದೆಂದೆ. ಬಿಸಿಲು ಏರಿ ಅಂಗಳ ಬೆಚ್ಚಗಾಗುವವರೆಗೂ ಮಕ್ಕಳನ್ನು ನನ್ನ ಬಳಿಯೇ ಕೂರಿಸಿಕೊಂಡೆ.