ಕೊಳ್ಳದ ಕಾರುಗಳ ಕಾಕಾ

ನಮ್ಮ ಕಾಕಾನ ಬಲಗೈ ಕಿರುಬೆರಳಿನ ಉಗುರು ಸುಣ್ಣ, ತಂಬಾಕು ಕುಡಿದು ಹಳದಿಗಟ್ಟಿತ್ತು. ಬೇಕೆಂದೇ ಉದ್ದ ಬಿಟ್ಟ ಉಗುರು ಅದು. ಅದರಿಂದಲೇ ಡಬ್ಬಿಯ ಸುಣ್ಣ ತೆಗೆಯುತ್ತಿದ್ದ, ಹಲ್ಲು ಕೆದಕುತ್ತಿದ್ದ, ಕಿವಿ ಕೆರೆಯುತ್ತಿದ್ದ. ಭಾನುವಾರ ಅದೇ ಉಗುರಿನಿಂದ ಸೆಕೆಂಡ್ ಹ್ಯಾಂಡ್ ಕಾರುಗಳ ಬಾಗಿಲು ಕೆರೆದು, "ಪೇಂಟ್ ಒರಿಜಿನಲ್ ನಹೀ ಹೈ ಯೇ" ಎಂದು ಹೇಳಿ, ಆಮೇಲೆ ಉಗುರನ್ನು ಮೂಸಿ ನೋಡುತ್ತಿದ್ದ. ಥೂ! ಇವತ್ತು ಇದನ್ನು ಬರೆಯುವಾಗಲೂ ನಾನು ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತೇನೆ.

ನಾನು ಸಣ್ಣವಳಿದ್ದಾಗಲೇ ಅಪ್ಪ ಹೋದ. ಅವ್ವ ಮತ್ತು ನಾನು ಘಾಟ್ಕೋಪರಿನಲ್ಲಿ ಅಪ್ಪನ ತಮ್ಮನ ಮನೆಯಲ್ಲಿ ಉಳಿದೆವು. ಆ ತಮ್ಮನೇ ಈ ಕಾಕಾ. ವಿಜಾಪುರದ ಕಡೆಯಿಂದ ಗಾರೆ ಕೆಲಸಕ್ಕೆಂದು ಮುಂಬಯಿಗೆ ಬಂದವನು, ಬರಬರುತ್ತ ಕೂಲಿಗಳನ್ನು ಕರೆತಂದು ಬಿಲ್ಡಿಂಗ್ ಕೆಲಸ ಮಾಡಿಸುವ ಮುಕಾದಮನಾಗಿದ್ದ. ವಾರವೆಲ್ಲ ಸಿಮೆಂಟಿನ ಧೂಳಿನಲ್ಲಿ ನಿಂತು ಅರಚುತ್ತಿದ್ದ. ಭಾನುವಾರ ಬಂತೆಂದರೆ ಬಿಳಿ ಸಫಾರಿ ತೊಟ್ಟು, ಮೂಗು ಸಿಡಿಯುವಷ್ಟು ಸೆಂಟು ಸುರಿದುಕೊಂಡು, ಸಾಂತಾಕ್ರೂಜಿನ ಹಳೇ ಕಾರುಗಳ ಅಂಗಡಿಗಳ ಕಡೆ ಹೊರಡುತ್ತಿದ್ದ. ಕಾರು ಕೊಳ್ಳುವುದಕ್ಕಲ್ಲ, ಕೊಳ್ಳುವವನ ಹಾಗೆ ನಟಿಸಿ, ಟೆಸ್ಟ್ ಡ್ರೈವ್ ಹೆಸರಿನಲ್ಲಿ ಪುಕ್ಕಟೆ ತಿರುಗಿ ಬರುವುದಕ್ಕೆ.

ಅವನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ ಎಂಬುದು ಇದರಲ್ಲೆಲ್ಲ ದೊಡ್ಡ ತಮಾಷೆ. ಅದನ್ನು ಯಾವ ಸೇಲ್ಸ್‌ಮನ್ನಿಗೂ ಗೊತ್ತಾಗಗೊಡುತ್ತಿರಲಿಲ್ಲ. "ಆಪ್ ಚಲಾವೋ. ಮೈ ಇಂಜಿನ್ ಕಾ ಆವಾಜ್ ಸುನೇಗಾ" ಎಂದು ಮುಂದಿನ ಸೀಟಿನಲ್ಲಿ ಕೂತು, ಇಂಜಿನ್ನಿನ ಸದ್ದು ಆಲಿಸುವವನಂತೆ ಕಣ್ಣು ಮುಚ್ಚುತ್ತಿದ್ದ. ಫ್ಯಾಮಿಲಿ ಗಾಡಿ, ಫ್ಯಾಮಿಲಿ ಕೂತು ನೋಡಬೇಕು ಎಂದು ನಮ್ಮನ್ನೂ ಹಿಂದೆ ತುರುಕುತ್ತಿದ್ದ. ಅವನ ಹೆಂಡತಿ ಕಾಕಿ ಮಿರ್ಚಿ ಭಜಿ ತಿಂದು ಎಣ್ಣೆಗೈಯನ್ನು ಸೀಟಿಗೆ ಒರೆಸುತ್ತಿದ್ದಳು. ಲೋಡ್ ಹಾಕಿ ನೋಡಬೇಕು ಎಂದು ಡಿಕ್ಕಿಯಲ್ಲಿ ಜೋಳದ ಚೀಲ ತಂದದ್ದುಂಟು. ಒಮ್ಮೆ ಕಾಕಿಯ ಹಲ್ಲು ಕೀಳಿಸಿಕೊಂಡು ಬಂದದ್ದೂ ಹೀಗೇ. ಅವಳು ರಕ್ತದ ಹತ್ತಿಯನ್ನು ಕಿಟಕಿಯಾಚೆ ಉಗುಳುತ್ತಿದ್ದರೆ ಇವನು ತಿರುಗಿ ನೋಡಿ, "ಸ್ಪೀಡ್ ಬ್ರೇಕರ್ ಮ್ಯಾಲ ಹಲ್ಲು ನೋಯಲಿಲ್ಲ ಹೌದಿಲ್ಲೋ? ಸಸ್ಪೆನ್ಶನ್ ಛಲೋ ಐತಿ" ಎಂದ.

ಕೊನೆಗೆ ಕಾರಿನಿಂದಿಳಿದು, ಬಣ್ಣ ಹಿಡಿಸಲಿಲ್ಲ ಎಂದೋ ನಂಬರ್ ಅದೃಷ್ಟದ್ದಲ್ಲ ಎಂದೋ ಹೇಳಿ ಹೊರಟುಬಿಡುತ್ತಿದ್ದ. ಬಿಸಿಲಲ್ಲಿ ಬೆವತು ನಿಂತ ಆ ಸೇಲ್ಸ್‌ಮನ್ನುಗಳ ಮುಖ ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ. ನಾನು ರೇಗಿದರೆ ಕಾಕಾ ನಗುತ್ತಿದ್ದ. "ಹುಚ್ಚಿ, ತಗೊಳ್ಳೂದು ಎಲ್ಲಾರಿಗೂ ಬರತೈತಿ. ಕೂತು ನೋಡಿ ಬ್ಯಾಡ ಅನ್ನೂದೈತಲ್ಲ, ಅದಕ್ಕ ಗತ್ತು ಬೇಕು." ಗತ್ತಂತೆ ಗತ್ತು! ಭಿಕಾರಿತನಕ್ಕೆ ಸಫಾರಿ ತೊಡಿಸಿ ಅದಕ್ಕೆ ಗತ್ತು ಎಂದು ಹೆಸರಿಟ್ಟಿದ್ದ.

ನನ್ನನ್ನು ನೋಡಲು ಬಾಂದ್ರಾದಿಂದ ಗಂಡಿನ ಕಡೆಯವರು ಬರುವುದೆಂದು ಗೊತ್ತಾಯಿತು. ಹುಡುಗನನ್ನು ನಾನು ಮೊದಲೇ ಸಂಬಂಧಿಕರ ಮದುವೆಯೊಂದರಲ್ಲಿ ನೋಡಿದ್ದೆ, ಫೋನಿನಲ್ಲಿ ನಾಲ್ಕು ಮಾತೂ ಆಡಿದ್ದೆ. ಸುಳ್ಳೇಕೆ, ಅವನು ನನ್ನ ಮನಸ್ಸಿಗೆ ಬಂದಿದ್ದ. ಈ ಮನೆಯಿಂದ, ಈ ಉಗುರಿನಿಂದ ದೂರ ಹೋದರೆ ಸಾಕೆಂಬ ಆಸೆಯೂ ಅದರ ಜೊತೆ ಸೇರಿತ್ತು. ಆ ಹೊತ್ತಿಗೆ ಕಾಕಾ ಫೋನಿನಲ್ಲಿ ಹುಡುಗನ ಅಪ್ಪನಿಗೆ, "ಲೋಕಲ್ದಾಗ ಯಾಕ ಬರ್ತೀರಿ? ಗಾಡಿ ತರ್ತೀನಿ" ಎನ್ನುವುದು ಕೇಳಿಸಿತು.

"ಯಾವ ಗಾಡಿ ಕಾಕಾ?" ಎಂದೆ.

"ಐತಿ ಒಂದ್. ಬೆಳ್ಳಗ, ದೊಡ್ಡದು. ಭಾನುವಾರ ಟೆಸ್ಟ್ ಡ್ರೈವ್ ಹೇಳೀನಿ."

ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಕೇಳಲಿಲ್ಲ. ಅವ್ವ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ, "ಅಂವನ ಅನ್ನ ಉಂಡೀವಿ, ಸುಮ್ನಿರವಾ" ಎಂದಳು. ಅವ್ವನ ಆ ಮಾತು ನನಗೆ ಕಾಕಾನ ಉಗುರಿಗಿಂತ ಹೇಸಿಗೆಯೆನಿಸಿತು.

ಭಾನುವಾರ ಬಿಳಿ ಕಾರು ನಮ್ಮ ಬಿಲ್ಡಿಂಗಿನ ಮುಂದೆ ನಿಂತಿತು. ಟೈ ಕಟ್ಟಿದ, ನಲವತ್ತು ದಾಟಿದ ಸೇಲ್ಸ್‌ಮನ್ ಅದನ್ನು ಓಡಿಸಿಕೊಂಡು ಬಂದಿದ್ದ. ಸಾಂತಾಕ್ರೂಜಿನಿಂದ ಬಾಂದ್ರಾ, ಅಲ್ಲಿಂದ ಘಾಟ್ಕೋಪರ್! ಹೈವೇ ಮೇಲೆ ನೋಡಬೇಕು, ಟ್ರಾಫಿಕ್ಕಿನಲ್ಲಿ ನೋಡಬೇಕು ಎಂದು ಕಾಕಾ ಅವನನ್ನು ಪುಸಲಾಯಿಸಿರಬೇಕು. ಅವನ ಫೋನಿಗೆ ಅಂಗಡಿಯಿಂದ ಒಂದೇ ಸಮನೆ ಕರೆ ಬರುತ್ತಿತ್ತು. ಹುಡುಗನ ಅಪ್ಪ ಕಾರಿನಿಂದಿಳಿದವನು ಎಮ್ಮೆ ವ್ಯಾಪಾರಕ್ಕೆ ಬಂದವರ ಹಾಗೆ ಬಾನೆಟ್ಟಿನ ಮೇಲೆ ಕೈಯಾಡಿಸಿದ.

ಸೇಲ್ಸ್‌ಮನ್ ಕಾರು ತೆಗೆದುಕೊಂಡು ಹೋಗಿಬಿಟ್ಟರೆ ಎಂದು ಕಾಕಾ ಅವನನ್ನೂ ಮೇಲೆ ಕರೆದ. "ಊಪರ್ ಆವೋ, ರೇಟ್ ಕಾ ಬಾತ್ ಕರೇಂಗೆ." ಪಾಪ, ಆ ಮನುಷ್ಯ ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕದ ಸ್ಟೂಲಿನ ಮೇಲೆ ಕೂತ. ಹುಡುಗನ ಅಮ್ಮ, "ನಿಮ್ಮ ಡ್ರೈವರಗೂ ಚಹಾ ಕೊಡ್ರಿ" ಎಂದಳು. ಕಾಕಾ ಹೂಂಗುಟ್ಟಿದ.

ಉಪ್ಪಿಟ್ಟಾಯಿತು, ಓದು ಎಷ್ಟು, ಅಡಿಗೆ ಏನೇನು ಬರುತ್ತದೆ ಎಂಬುದಾಯಿತು. ಆಮೇಲೆ ಹುಡುಗನ ಅಪ್ಪ ಮೀಸೆ ಒರೆಸಿಕೊಂಡು, "ನಾವು ಕೊಡು ತಗೋ ಅನ್ನೋ ಮಂದಿ ಅಲ್ರಿ. ಹುಡುಗ ಓಡ್ಯಾಡಾಕ ಕೆಳಗ ನಿಂತೈತಲ್ಲ, ಅದೊಂದು ಅವನ ಹೆಸರಿಗೆ ಮಾಡಿಬಿಡ್ರಿ ಸಾಕು. ನಿಮಗೇನು, ಇನ್ನೊಂದು ತಗೋತೀರಿ" ಎಂದ.

ನಾನು ಹುಡುಗನ ಕಡೆ ನೋಡಿದೆ. ಫೋನಿನಲ್ಲಿ ಅಷ್ಟು ಚೆಂದ ಮಾತಾಡಿದವನು ಈಗ ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕುತ್ತಿದ್ದ. ತಲೆ ಎತ್ತಲಿಲ್ಲ. ಕಾಕಾನ ಕಡೆ ನೋಡಿದೆ. ಅವನು ಹಲ್ಲು ಕೆದಕಿಕೊಳ್ಳುತ್ತ, "ಅದಕ್ಕೇನ್ರಿ, ಮನಿ ಹುಡುಗ ಆದಮ್ಯಾಲ..." ಎಂದು ಶುರು ಮಾಡಿದ.

ತಟ್ಟೆ ಹಿಡಿದವಳು ಅಲ್ಲೇ ನಿಂತು ಹೇಳಿಬಿಟ್ಟೆ:

"ಆ ಗಾಡಿ ನಮ್ದಲ್ರಿ. ಬಾಗಲ ಹತ್ರ ಕೂತಾರಲ್ಲ, ಅವರು ನಮ್ಮ ಡ್ರೈವರ್ ಅಲ್ಲ, ಗಾಡಿ ಮಾರೋ ಅಂಗಡಿಯವರು. ಟೆಸ್ಟ್ ಡ್ರೈವಿಗೆ ಅಂತ ನಮ್ಮ ಕಾಕಾ ಕರಕೊಂಡು ಬಂದಾನ. ನಿಮಗ ಬೇಕಿದ್ರ ಅವರ ಕಡೆ ತಗೋರಿ. ನಾ ಮಾತ್ರ ಗಾಡಿ ಕೇಳೋ ಮನಿಗೆ ಬರೂದಿಲ್ಲ."

ಎಲ್ಲರೂ ಸೇಲ್ಸ್‌ಮನ್ನಿನ ಕಡೆ ತಿರುಗಿದರು. ಅವನಿಗೆ ಕನ್ನಡ ಎಲ್ಲಿ ಬರಬೇಕು? ಕೊನೆಗೂ ವ್ಯಾಪಾರ ಕುದುರಿತು ಎಂದುಕೊಂಡು ಎದ್ದು, ಟೈ ಸರಿಮಾಡಿಕೊಂಡು, ನಗುತ್ತ ಬಂದು ಹುಡುಗನ ಅಪ್ಪನ ಕೈಗೆ ತನ್ನ ಕಾರ್ಡು ಕೊಟ್ಟ.

ಅವರು ರಿಕ್ಷಾ ಹಿಡಿದು ಹೋದರು. ಅವ್ವ ಹಣೆ ಹಣೆ ಬಡಿದುಕೊಂಡಳು. ಕಾಕಾ ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ನಾನು ಗಟ್ಟಿಯಾಗಿ ನಿಂತಿದ್ದೆ. ಅವನು ಉಳಿದ ಉಪ್ಪಿಟ್ಟನ್ನು ಬಳಿದು ತಿಂದ. ಆಮೇಲೆ ಸೇಲ್ಸ್‌ಮನ್ನಿಗೆ, "ಬ್ರೇಕ್ ಲೂಸ್ ಹೈ, ನಹೀ ಮಂಗ್ತಾ" ಎಂದು ಹೇಳಿ ಕಳಿಸಿದ.

ಸುದ್ದಿ ನಮ್ಮ ಮಂದಿಯಲ್ಲಿ ಎಲ್ಲ ಕಡೆ ಹಬ್ಬಿತು. ಗಾಡಿ ಕೇಳಿದವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಹಿರಿಯರ ಮುಂದೆ ಬಾಯಿ ಮಾಡಿದವಳೆಂದು ನನ್ನ ಹೆಸರೇ ಓಡಾಡಿತು. ನನ್ನನ್ನು ನೋಡಲು ಬರುವುದಾಗಿ ಹೇಳಿದ್ದವರೂ ಏನೇನೋ ನೆಪ ಹೇಳಿ ಹಿಂದೆ ಸರಿದರು. ಅವ್ವ ದಿನಾ ಅಳುತ್ತಿದ್ದಳು.

ಆ ಹೊತ್ತಿನಲ್ಲೇ ಒಂದು ತೊಟ್ಟಿಲ ಕಾರ್ಯಕ್ರಮದಲ್ಲಿ ಕಾಕಾನ ದನಿ ಕೇಳಿತು. ಗಂಡಸರ ಮಧ್ಯೆ ಕೂತು ಹೇಳುತ್ತಿದ್ದ: "ಅದು ಗಾಡಿ ಟೆಸ್ಟ್ ಅಲ್ಲೋ, ಬೀಗರ ಟೆಸ್ಟ್! ಏನ ಕೇಳ್ತಾರ ನೋಡೂಣು ಅಂತ ನಾನ ತಂದಿದ್ನಿ. ಹಿಂಗ ಕೇಳಿದ್ರ ಹಿಂಗ ಹೇಳು ಅಂತ ಹುಡುಗಿಗೆ ನಾನ ಕಲಿಸಿದ್ನಿ. ಪಾಪ, ಅದು ಬ್ಯಾಡ ಕಾಕಾ, ಅಂಜಿಕಿ ಬರತೈತಿ ಅಂತಿತ್ತು." ಎಲ್ಲರೂ ತೊಡೆ ತಟ್ಟಿ ನಕ್ಕರು.

ಅಂಜಿಕೆಯಂತೆ! ಹುಟ್ಟಿದಾಗಿನಿಂದ ನಾನು ಮಂದಿಯ ಮುಂದೆ ತಲೆ ಎತ್ತಿ ಆಡಿದ ಒಂದೇ ಒಂದು ಮಾತು ಅದು. ಪುಕ್ಕಟೆ ಕಾರಿನಲ್ಲಿ ಕೂತ ಹಾಗೆ ಕಾಕಾ ಅದರೊಳಗೂ ಹೋಗಿ ಕೂತಿದ್ದ. ಮನೆಗೆ ಬಂದು, "ಸುಳ್ಳ್ಯಾಕ ಹೇಳ್ತಿ? ಅದು ನನ್ನ ಮಾತು" ಎಂದು ಕೂಗಾಡಿದೆ. "ನಿನಗ ತಿಳಿಯೂದಿಲ್ಲ, ಹೋಗು" ಎಂದು ತಂಬಾಕು ತಿಕ್ಕುತ್ತ ಕೂತ. ಅವತ್ತಿನಿಂದ ನಾನು ಅವನ ಜೊತೆ ನೆಟ್ಟಗೆ ಮಾತಾಡಿದ್ದು ಕಡಿಮೆ.

ಮರುವರ್ಷ ನನ್ನ ಮದುವೆಯಾಯಿತು. ಗಂಡ ಒಳ್ಳೆಯವನು, ನನ್ನ ಸಿಟ್ಟು ಕಂಡು ನಗುವವನು. ಮದುವೆಯಾಗಿ ಸುಮಾರು ದಿನಗಳಾದ ಮೇಲೆ, ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದಾಗ ಅತ್ತೆ ತಾವಾಗಿಯೇ ಹೇಳಿದರು: "ನಿನ್ನ ನೋಡಾಕ ನಾ ಮೊದಲು ಒಲ್ಲೆ ಅಂದಿದ್ನಿ. ಹಂಗ ಬಾಯಿ ಮಾಡೋ ಹುಡುಗಿ ಯಾರಿಗೆ ಬೇಕವಾ? ನಿಮ್ಮ ಕಾಕಾ ಇಲ್ಲೀತನಕ ಬಂದ. ದೇವರ ಜಗಲಿ ಮುಟ್ಟಿ ಆಣಿ ಮಾಡಿದ, ಹುಡುಗಿದು ಏನೂ ತಪ್ಪಿಲ್ಲ, ಎಲ್ಲಾ ನಾನ ಕಲಿಸಿದ ಮಾತು ಅಂತ. ಆಮ್ಯಾಲ ನಾವು ಬಂದ್ವಿ."

ಸೊಪ್ಪಿನ ಬುಟ್ಟಿ ಅಲ್ಲೇ ಬಿಟ್ಟು ಎದ್ದುಹೋದೆ. ಎಲ್ಲದರ ಮೇಲೂ ಹೇಸಿಗೆ. ನನ್ನ ನಿಜವನ್ನು ಬೇಡವೆಂದು ಅವನ ಸುಳ್ಳನ್ನು ನಂಬಿದ ಅತ್ತೆಯ ಮೇಲೆ. ದೇವರ ಮೇಲೆ ಕೈಯಿಟ್ಟು ಹಸಿ ಸುಳ್ಳು ಹೇಳಿದ ಕಾಕಾನ ಮೇಲೆ. ಆ ಸುಳ್ಳಿನಿಂದ ಸಿಕ್ಕಿದ ಸಂಸಾರವನ್ನು ಬಿಟ್ಟುಕೊಡಲೊಲ್ಲದ ನನ್ನ ಮೇಲೂ. ನನಗಾಗಿ ಹಾಗೆ ಮಾಡಿದನೋ, ಬಡಾಯಿಯ ಚಟಕ್ಕೆ ಮಾಡಿದನೋ, ನಾನು ಕೇಳಲಿಲ್ಲ. ಕೇಳಿದ್ದರೂ ಅವನು ನಿಜ ಹೇಳುತ್ತಿದ್ದ ಎಂದು ನನಗೆ ಭರವಸೆಯಿಲ್ಲ.

ಸಿಮೆಂಟಿನ ಧೂಳು ಕೊನೆಗೆ ಅವನ ಎದೆ ತಿಂದಿತು. ಕೆಮ್ಮಿ ಕೆಮ್ಮಿ ಸತ್ತ. ಅವನ ದಿನಕರ್ಮದ ಊಟಕ್ಕೆ ಮಂದಿ ಬಹಳ ಸೇರಿತ್ತು. ಊಟವಾದ ಮೇಲೆ ಚಾಪೆಯ ಮೇಲೆ ಕೂತು, ಕೊಳ್ಳದ ಕಾರುಗಳ ಒಂದೊಂದೇ ಕತೆ ತೆಗೆದು ನಗತೊಡಗಿದರು. ಬಿಳಿ ಕಾರಿನ ಕತೆಯೂ ಬಂತು. ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು. ಊರಿಂದ ಬಂದಿದ್ದ ಮುದುಕರೊಬ್ಬರು ನನ್ನ ಕಡೆ ತಿರುಗಿ ಕೇಳಿದರು: "ಇನ್ನರ ಖರೇ ಹೇಳವಾ. ಅದು ನಿಮ್ಮ ಕಾಕಾ ಕಲಿಸಿದ್ದೋ, ನಿನ್ನ ಸ್ವಂತ ಮಾತೋ?"

ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಎಷ್ಟು ವರ್ಷ ಕಾದಿದ್ದೆ! ಈಗ ನನಗೆ ಮಕ್ಕಳಿದ್ದರು, ಮನೆಯಿತ್ತು. ಏನು ಹೇಳಿದರೂ ಯಾರೂ ನನ್ನನ್ನು ಏನೂ ಮಾಡುವಂತಿರಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಕಾಕಿಯೂ.

"ಕಾಕಾನ ಕಲಿಸಿದ್ದ್ರಿ," ಎಂದೆ. "ನನಗೆಲ್ಲಿ ಬರಬೇಕು ಅಂಥಾ ಮಾತು?"