ನಜೀರ್‌ಸಾಬರ ಹೆಸರಿನ ಕಾಣದ ಅಕ್ಷರ

ಮದ್ದೂರಿನ ಪೇಟೆ ಬೀದಿಯಲ್ಲಿ ಮಾಹೀನ್ ಡಿಟಿಪಿ ಅಂಗಡಿ ಇಟ್ಟ ಮೇಲೆ ಲಗ್ನಪತ್ರಿಕೆಯಲ್ಲಿ ತಪ್ಪು ಹುಡುಕುವವರಿಗೆ ಕೆಲಸವೇ ಇಲ್ಲದಂತಾಯಿತು. ಅಕ್ಷರದ ವಿಷಯದಲ್ಲಿ ಅವಳಿಗೆ ತುಸು ಜಂಬ. ಇರಲಿ ಬಿಡಿ, ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರಿಗೆ ಜಂಬ ಒಪ್ಪುತ್ತದೆ. ಹಳೆಯ ಫಾಂಟಿನ ಫೈಲು ತೆರೆದಾಗ ಮದ್ದೂರು ಎನ್ನುವುದು ªÀÄzÀÆÝgÀÄ ಎಂದು ಕಂಡರೆ ಬೇರೆಯವರು ವೈರಸ್ಸು ಹೊಕ್ಕಿತೆಂದು ಗಾಬರಿಯಾಗುತ್ತಾರೆ. ಮಾಹೀನ್ ಅದನ್ನೇ ಸರಾಗವಾಗಿ ಓದಿ, "ಮದ್ದೂರೇ ಕಣಣ್ಣ, ವೇಸ ಹಾಕ್ಕೊಂಡದೆ ಅಷ್ಟೆ" ಎನ್ನುತ್ತಾಳೆ.

ಅವಳು ಈ ವಿದ್ಯೆಗೆ ಬಿದ್ದದ್ದು ತನ್ನ ಹೆಸರಿನಿಂದಲೇ. ಬೋರಯ್ಯ, ಸೋಮಮ್ಮ ಎಂಬ ಹೆಸರುಗಳ ಪಕ್ಕ ಏನು ಸೇರಿಸಿದರೂ ಕಂಪ್ಯೂಟರು ತೆಪ್ಪಗಿರುತ್ತದೆ. ಮಾಹೀನ್ ಎಂದು ಬರೆದು 'ಗೆ' ಸೇರಿಸಿದರೆ ಮಾತ್ರ ಗಕಾರ ಓಡಿಹೋಗಿ ನಕಾರದ ಕಾಲಿಗೆ ಒತ್ತಾಗಿ ಜೋತುಬೀಳುತ್ತದೆ. ಹಾಗಾಗದಿರಲು ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇಡಬೇಕು. ಅದಕ್ಕೆ ರೂಪವಿಲ್ಲ, ಸದ್ದಿಲ್ಲ, ಅಗಲವೂ ಇಲ್ಲ. ಅಕ್ಕಪಕ್ಕದವರನ್ನು ಬಿಡಿಸಿ ನಿಲ್ಲಿಸುವುದೊಂದೇ ಅದರ ಕೆಲಸ.

ಕಳೆದ ವರ್ಷ ಅವಳ ತಂದೆ ನಜೀರ್ ಅಹ್ಮದ್ ತೀರಿಕೊಂಡರು. ಆತಗೂರು ಕಡೆ ಸುಟ್ಟುಹೋದ ಪಂಪ್‌ಸೆಟ್ಟುಗಳಿಗೆಲ್ಲ ತಂತಿ ಸುತ್ತಿ ಜೀವ ಕೊಟ್ಟ ಮನುಷ್ಯ. ಈ ಬೇಸಿಗೆಯಲ್ಲಿ ಅಲ್ಲಿಯ ರೈತರು ಬಸ್ಸು ನಿಲ್ಲುವ ಕಡೆ ಅವರ ಹೆಸರಿನಲ್ಲೊಂದು ತಂಗುದಾಣ ಕಟ್ಟಿದರು. ಹೆಸರಿನ ಕಲ್ಲು ಮಾಡಿಸುವುದು ಮಗಳ ಪಾಲು ಎಂದು ತಂದೆಯ ಹಳೆಯ ಗೆಳೆಯ, ಆತಗೂರಿನ ಬೋರಯ್ಯ ಬಂದು ಹೇಳಿದರು. ಊರವರ ಹೆಸರುಗಳನ್ನೆಲ್ಲ ತಪ್ಪಿಲ್ಲದೆ ಅಚ್ಚು ಹಾಕಿದವಳು, ಅಬ್ಬನ ಹೆಸರು ಕಲ್ಲಿನ ಮೇಲೆ ಕೆಟ್ಟರೆ ಸಹಿಸುತ್ತಾಳೆಯೇ? 'ನಜೀರ್‌ಸಾಬರ ತಂಗುದಾಣ' ಎಂದು ಬರೆದು, ರಕಾರ ಸಕಾರಗಳ ನಡುವೆ ಕಾಣದ ಅಕ್ಷರ ಇಟ್ಟು, ಮಂಡ್ಯದಲ್ಲಿ ಯಂತ್ರದಿಂದ ಕಲ್ಲು ಕೊರೆಯುವ ಶಿವರಾಜುವಿಗೆ ಕಳಿಸಿದಳು.

ಅವನು ಕೊರೆಯುವ ಮುಂಚೆ ಕಾಗದದ ಮೇಲೊಂದು ಮಾದರಿ ತೆಗೆದು ಮಂಡ್ಯಕ್ಕೆ ಹೋಗಿದ್ದ ಬೋರಯ್ಯನವರ ಕೈಲಿ ಕೊಟ್ಟುಕಳಿಸಿದ. ನೋಡಿದರೆ 'ನಜೀರ್ಸಾಬರ'. ಬಿಡಿಯಾಗಿ ನಿಲ್ಲಬೇಕಾದ ರಕಾರ ಅರ್ಕಾವೊತ್ತಾಗಿ ಸಕಾರದ ಬೆನ್ನಿಗೆ ಅಂಟಿಕೊಂಡಿತ್ತು. ಮಾಹೀನ್‌ಗೆ ಪಿತ್ತ ನೆತ್ತಿಗೇರಿತು. ಆಗಲೇ ಫೋನು ಮಾಡಿದಳು.

"ನಡುವೆ ಒಂದಕ್ಷರ ನುಂಗ್ಬುಟ್ಟದೆ ಕಣಪ್ಪ ನಿನ್ನ ಮಿಸೀನು."

"ಕಾಣ್ದೇ ಇರೋ ಅಕ್ಸರಾನ ನಾನೆಂಗಕ್ಕ ಕೊರೀಲಿ?" ಎಂದ ಶಿವರಾಜು.

ಅವನದು ಹಳೆಯ ಯಂತ್ರ. ಕಾಣದ್ದನ್ನು ಕಸವೆಂದು ಎಸೆದಿತ್ತು. ಅದಕ್ಕೂ ಮಾಹೀನ್ ಬಳಿ ಮದ್ದಿತ್ತು. ಅಕ್ಷರಗಳನ್ನು ಗೆರೆಯ ಚಿತ್ರವಾಗಿ ಮಾಡಿ ಕಳಿಸಿದರೆ ಯಂತ್ರ ಕಂಡದ್ದನ್ನು ಕಂಡ ಹಾಗೇ ಕೊರೆಯಬೇಕು. ಅವಳು ಆ ಕೆಲಸಕ್ಕೆ ಕೈ ಹಾಕುವಷ್ಟರಲ್ಲಿ ಬೋರಯ್ಯ ಕಾಗದ ಎತ್ತಿಕೊಂಡು, ಅಕ್ಷರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು.

"ನಜೀರ್ಸಾಬ್ರ ತಂಗುದಾಣ. ಸರ್ಯಾಗೇ ಅದಲ್ಲವ್ವ ಮಾಯೀನು."

"ಇಲ್ಲ ಮಾವ. ನಜೀರ್ ಬೇರೆ, ಸಾಬ್ ಬೇರೆ. ಬಿಡಿಸಿ ಬರೀಬೇಕು."

"ಯಾಕ್ ಬುಡುಸ್ಬೇಕು? ಮೋಟ್ರು ಕೆಟ್ಟಾಗ ನಿಮ್ಮನೆ ಬಾಗ್ಲಲ್ಲಿ ನಿಂತ್ಕಂಡು ನಜೀರ್ಸಾಬ್ರೇ ಅಂತ ಒಂದೇ ಉಸ್ರಲ್ಲಿ ಕೂಗ್ತಿದ್ದೊ. ನಮ್ಮೂರಲ್ಲಿ ಅವ್ರನ್ನ ಬುಡಿಸ್ಕಂಡು ಯಾರೂ ಕರೀನಿಲ್ಲ ಕಣವ್ವ."

ಆ ಕೂಗು ಮಾಹೀನ್‌ಗೆ ಗೊತ್ತಿತ್ತು. ಅದು ಕಿವಿಗೆ ಬಿದ್ದರೆ ಅಬ್ಬ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು, ಅಮ್ಮಿ ಬಯ್ಯುತ್ತಿದ್ದಳು. ಅಬ್ಬ ಇಲ್ಲವೆಂಬುದು ಹೊಸದಾಗಿ ನೋಯಿಸಿತು.

ಕಂಪ್ಯೂಟರಿನಲ್ಲಿ ರಕಾರದ ಪಕ್ಕಕ್ಕೆ ಹೋಗಿ ಆ ಕಾಣದ ಅಕ್ಷರವನ್ನು ತಾನೇ ಅಳಿಸಿದಳು. ರಕಾರ ತಟ್ಟನೆ ಸಕಾರದ ಜೊತೆ ಕೂಡಿಕೊಂಡಿತು. ಇನ್ನು ಯಾವ ಯಂತ್ರವೂ ಅದನ್ನು ಬದಲಿಸದ ಹಾಗೆ ಗೆರೆಯ ಚಿತ್ರ ಮಾಡಿ ಕಳಿಸಿ, ಮತ್ತೆ ಫೋನು ಮಾಡಿದಳು.

"ಕೂಡ್ಕೊಂಡೇ ಇರಲಿ, ಕೊರಿ ಶಿವರಾಜು. ನಮ್ಮಬ್ಬನ್ನ ಊರೋರು ಕೂಗ್ತಿದ್ದದ್ದು ಹಂಗೇ."