ಅದೂ ಅಲ್ಲ, ಇದೂ ಅಲ್ಲ ಎನ್ನುವ ಏಡಾ

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಊರಿನ ಸೂರು ಹೊದಿಸಿದ ಸಂತೆಯಲ್ಲಿ ಏಡಾ ಹೋಲ್ಡ್ಸ್‌ವರ್ತ್ ಪಿಂಗಾಣಿ ಮಾರುತ್ತಿದ್ದಳು ಎಂದರೆ ಅರ್ಧ ಹೇಳಿದಂತೆ. ಜನ ಕೊಳ್ಳಲು ಬರುತ್ತಿದ್ದುದು ಅವಳ ಮಾತನ್ನು. ತಟ್ಟೆ ಬಟ್ಟಲುಗಳು ಅದರ ಜೊತೆಗೆ ಮನೆ ಸೇರುತ್ತಿದ್ದವು.

ಆ ಊರಿನವರ ನಾಲಿಗೆಯೇ ಹಾಗೆ. ಒಂದನ್ನು ಎತ್ತಿ ಹಿಡಿಯಬೇಕಾದರೆ ಮೊದಲು ಇನ್ನೊಂದನ್ನು ಕೆಡವುತ್ತಾರೆ. ಜೋರು ಮಳೆ ಬಂದರೆ, "ಇದು ಮಳೆ ಅಲ್ಲ, ಆಕಾಶದ ತಳವೇ ಕಿತ್ಹೋಗಿದೆ" ಎನ್ನುತ್ತಾರೆ. ಚಹಾ ತೆಳುವಾದರೆ, "ಇದು ಟೀ ಅಲ್ಲ, ಎಲೆ ಸ್ನಾನ ಮಾಡಿದ ನೀರು." ಏಡಾ ಮಾತ್ರ ಇದನ್ನು ವಿದ್ಯೆಯಾಗಿ ಕಲಿತವಳು. ಅಪ್ಪ ಅವಳನ್ನು ಪೆಟ್ಟಿಗೆಯ ಮೇಲೆ ನಿಲ್ಲಿಸಿ ಹೇಳಿಕೊಟ್ಟಿದ್ದ: "ಅಲ್ಲ ಅಂದಾಗ ಜನ ನಿಲ್ತಾರೆ ಕಂದ. ಮತ್ತೇನು ಅಂತ ಗೊತ್ತಾಗೋ ತನಕ ಒಂದು ನರಪಿಳ್ಳೆ ಕದಲಲ್ಲ. ಆ ಸಂದಿನಲ್ಲೇ ನಮ್ಮ ರೊಟ್ಟಿ ಇರೋದು."

ಈಗ ಅವಳಿಗೆ ಐವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಅಂಗೈಯಿಂದ ಭುಜದವರೆಗೆ ಇಡೀ ಊಟದ ಸೆಟ್ಟನ್ನು ಬೀಸಣಿಗೆಯಂತೆ ಹರಡಿಕೊಂಡು, ಗಾಳಿಗೆ ಎಸೆದು, ಝಣ್ಣೆಂದು ಹಿಡಿಯುವ ತೋಳು ಅವಳದು.

ಎದುರು ಅಂಗಡಿ ಸೆತ್ ಗ್ರೀನ್‌ವುಡ್‌ನದು. ಪೊರಕೆ, ಬ್ರಷ್ಷು, ನೆಲ ಒರೆಸುವ ಕೋಲು ಮಾರುತ್ತಿದ್ದ. ಪೊರಕೆ ಎತ್ತಿ ಹಿಡಿದು "ಗಟ್ಟಿ" ಎಂದರೆ ಅವನ ವ್ಯಾಪಾರದ ಮಾತು ಮುಗಿಯಿತು. ದಿನಾ ಬೆಳಿಗ್ಗೆ ಸದ್ದಿಲ್ಲದೆ ಏಡಾಳ ಪೆಟ್ಟಿಗೆಯ ಮೇಲೆ ಒಂದು ಲೋಟ ಚಹಾ ಇಡುತ್ತಿದ್ದ. ಮಧ್ಯಾಹ್ನ ಅವಳು ತನ್ನ ಹಂದಿಮಾಂಸದ ಪೈ ಮುರಿದು ಅರ್ಧ ಕೊಡುತ್ತಿದ್ದಳು. ವರ್ಷಗಳಿಂದ ಇಷ್ಟೇ.

ಯುದ್ಧಕಾಲದ ರೇಷನ್ ಚೀಟಿ ರದ್ದಾದ ಮರುವರ್ಷ, ಈಸ್ಟರ್ ಕಳೆದು ಬರುವ ವಿಟ್ಸನ್ ಹಬ್ಬದ ಶನಿವಾರ, ಚಹಾದ ಜೊತೆ ಮಾತೂ ಬಂತು.

"ಮೊರ್ಕ್ಯಾಂಬ್‌ಗೆ ಹೋಗ್ತಿದೀನಿ, ಸಮುದ್ರದ ಕಡೆ. ಅಣ್ಣನ ಅಂಗಡಿಗೆ. ಇವತ್ತೇ ಕೊನೆ."

ಪಕ್ಕದಲ್ಲಿ ಬೋಟಿ ಮಾರುವ ವಿನಿಫ್ರೆಡ್ ಕೇಳಿಸಿಕೊಂಡಳು. "ಏನೇ ಏಡಾ, ತಡೆಯೋದಿಲ್ವಾ?"

"ನಾನ್ಯಾಕೆ ತಡೀಲಿ? ನಾನೇನು ಅವನ ಹೆಂಡ್ತಿಯಾ?"

"ಅಲ್ಲ. ಅದಕ್ಕೇ ಹೇಳ್ತಿರೋದು!"

ಅಂದು ಏಡಾ ಒಬ್ಬಳಿಗೆ ಚಹಾದ ಬಸಿ ಕೊಟ್ಟು ಬಟ್ಟಲು ಮರೆತಳು, ಇನ್ನೊಬ್ಬಳಿಗೆ ಮುಚ್ಚಳವನ್ನಷ್ಟೇ ಕಟ್ಟಿಕೊಟ್ಟಳು. ಸಂಜೆಯ ಹೊತ್ತಿಗೆ ಸೆತ್ ಸರಕನ್ನೆಲ್ಲ ತಳ್ಳುಗಾಡಿಗೆ ಏರಿಸಿದ. ಹೊರಹೋಗುವ ದಾರಿ ಅವಳ ಅಂಗಡಿಯ ಮುಂದೆಯೇ. ಗಾಡಿಯ ಚಕ್ರ ಕಿರುಗುಟ್ಟಿದ್ದೇ ತಡ, ಏಡಾ ಪೆಟ್ಟಿಗೆ ಹತ್ತಿದಳು. ಚಿನ್ನದಂಚಿನ ಸೆಟ್ಟನ್ನು ತೋಳಿಗೇರಿಸಿದಳು.

"ಬನ್ನಿ ಚಿನ್ನಗಳಾ, ಹತ್ರ ಬನ್ನಿ! ಈಗ ತಟ್ಟೆ ಮಾರಲ್ಲ, ಬಟ್ಟಲು ಮಾರಲ್ಲ, ಒಂದನ್ನ ಕೇಳೋಕೆ ನಿಂತಿದೀನಿ!"

ಗಳಿಗೆಯಲ್ಲಿ ಓಣಿ ತುಂಬಿತು. ಗಾಡಿ ನಡುವೆ ಸಿಕ್ಕಿಕೊಂಡಿತು. ಪೊರಕೆಗಳ ಮಧ್ಯೆ ಸೆತ್‌ನ ಕಿವಿಗಳಷ್ಟೇ ಕಾಣುತ್ತಿದ್ದವು.

"ಆ ಗಾಡಿಯವನ್ನ ನೋಡಿ. ಅವನ ಮನೆ ಕೇಳ್ತಿದೀನಾ?"

"ಇಲ್ಲ!" ಎಂದಿತು ಗುಂಪು.

"ಅವನ ಪಿಂಚಣಿ?"

"ಇಲ್ಲ!"

"ತಲೆ ಮೇಲೆ ಉಳಿದಿರೋ ನಾಲ್ಕು ಕೂದಲು?"

"ಇಲ್ಲವೇ ಇಲ್ಲ!"

"ಬಾಯ್ಬಿಟ್ಟು ಮಾತಾಡು ಅಂತೀನಾ? ಅದನ್ನ ದೇವರೇ ಕೇಳಿ ಸುಸ್ತಾಗಿದಾನೆ!"

ತಟ್ಟೆಗಳು ಮೇಲೆ ಹಾರಿ, ಝಣ್ಣೆಂದು ತೋಳಿಗೆ ಮರಳಿದವು. ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

"ಮತ್ತೇನು ಕೇಳ್ತೀಯೇ?" ವಿನಿಫ್ರೆಡ್ ಕೂಗಿದಳು.

ಏಡಾ ಬಾಯಿ ತೆರೆದಳು. ಬೇಡ ಎನ್ನುವುದೆಲ್ಲ ಬೆಳಗಿನಿಂದ ಎದೆಯಲ್ಲಿ ಕುದಿದು ಕುದಿದು ಹೊರಬಂದಿತ್ತು. ಅದರ ಹಿಂದೆ ಬರಬೇಕಾದ ಮಾತು ಬರಲಿಲ್ಲ. ತೋಳಿನ ಮೇಲೆ ತಟ್ಟೆಗಳು ಸಣ್ಣಗೆ ಗಿಲಗಿಲ ಎಂದವು.

"ಆಯ್ತು" ಎಂದಿತು ಪೊರಕೆಗಳ ನಡುವಿನ ದನಿ.

ಬೆಲೆ ಹೇಳುವ ಮೊದಲೇ ಕೈಯೆತ್ತುವ ಗಿರಾಕಿಯನ್ನು ಆ ಸಂತೆಯಲ್ಲಿ ಯಾರೂ ಕ್ಷಮಿಸುವುದಿಲ್ಲ. ಏಡಾಳ ಮುಖ ಕೆಂಪೇರಿತು. "ಬಾಯ್ಮುಚ್ಚೋ! ನಾನಿನ್ನೂ ಕೇಳೇ ಇಲ್ಲ!"

"ಏನಾದ್ರೂ ಸರಿ."

"ಏನು ಅಂತ ಗೊತ್ತಿಲ್ದೆ ಒಪ್ಕೋತಾರೇನೋ, ಬೆಪ್ಪೇ?"

"ಒಪ್ಕೊಂಡೆ."

"ಅವಳನ್ನ ಮುಗಿಸೋಕೆ ಬಿಡಪ್ಪಾ!" ಎಂದು ಹಿಂದಿನಿಂದ ಯಾರೋ ಗದರಿದರು.

ಸಂತೆಯ ಸೂರಿಗೆ ತಾಗುವಂಥ ಕೂಗಿಗೆ ಸಾಲುವಷ್ಟು ಉಸಿರನ್ನು ಏಡಾ ಎಳೆದುಕೊಂಡಳು. ಬಂದದ್ದು ಪಿಸುಮಾತು.

"ಇಲ್ಲೇ ಇರು, ಸೆತ್."

"ಏನಂದ್ಲು?"

"ಇರು ಅಂದ್ಲು."

"ಅಷ್ಟೇನಾ?"

"ಅಷ್ಟೇ ಅಂತೆ!"

ಮಾತು ಓಣಿಯ ಕೊನೆ ಮುಟ್ಟುವಷ್ಟರಲ್ಲಿ ಸೆತ್ ಗಾಡಿ ತಿರುಗಿಸಲು ಹೊರಟಿದ್ದ. ಆ ನೂಕುನುಗ್ಗಲಿನಲ್ಲಿ ಅದು ತಿರುಗುವುದುಂಟೇ? ಪೊರಕೆಗಳು ಹೆಂಗಸರ ಹಬ್ಬದ ಟೋಪಿಗಳನ್ನು ಒಂದೊಂದಾಗಿ ಗುಡಿಸಿ ಹಾಕಿದವು. ಕೊನೆಗೆ ಗಂಡಸರೆಲ್ಲ ಸೇರಿ ಗಾಡಿಯನ್ನೇ ತಲೆಯ ಮೇಲೆತ್ತಿ, ಗಾಳಿಯಲ್ಲೇ ತಿರುಗಿಸಿ, ಹಳೆಯ ಜಾಗದತ್ತ ಹೊತ್ತು ನಡೆದರು. ಹಿಂದೆ ಸೆತ್ ಓಡುತ್ತಿದ್ದ: "ನಿಧಾನ ಕಣ್ರೋ! ಆ ಕಡೆ ಬಾಗ್ತಿದೆ! ನೋಡ್ಕೊಂಡು ಹೋಗ್ರೋ!"

"ಅಯ್ಯೋ, ಇವನಿಗೆ ಮಾತು ಬರತ್ತೆ!" ಎಂದಳು ವಿನಿಫ್ರೆಡ್.

ಪೆಟ್ಟಿಗೆಯ ಮೇಲೆ ಏಡಾ ಒಬ್ಬಳೇ ಉಳಿದಳು. ಕಣ್ಣೀರು ಗಲ್ಲದಿಂದ ಗದ್ದಕ್ಕೆ ಇಳಿಯುತ್ತಿತ್ತು, ನಗು ತಡೆಯಲಾಗುತ್ತಿರಲಿಲ್ಲ, ಇನ್ನೊಂದು ಕೈಯೂ ತಟ್ಟೆಗಳಿಗೆ ಆಸರೆಯಾಗಿದ್ದರಿಂದ ಒರೆಸಿಕೊಳ್ಳಲು ಕೈಯಿರಲಿಲ್ಲ.

"ಯಾರಾದ್ರೂ ಬಂದು ಈ ತಟ್ಟೆ ಇಳಿಸ್ಕೊಳ್ರೋ!"